ಇಎಸ್‌ಎ ಕರಡು ಅಧಿಸೂಚನೆಗೆ ಆಕ್ಷೇಪಣೆ: ಅಚ್ಚಾದ ಅರ್ಜಿಗೆ ಸಹಿ ಹಾಕಿದರೆ ಸಾಕಾ?

ಗೋಣಿಬೀಡು ತೋಟ ಕೇಳಿದ್ದು:

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ (ಇಎಸ್‌ಎ) ಬಗ್ಗೆ ಕೇಂದ್ರ ಸರ್ಕಾರದ ಕರಡು ಅಧಿಸೂಚನೆ ಬಂದಾಗಲೆಲ್ಲ ಮೂಡಿಗೆರೆ ಕಡೆ ಒಂದೇ ನಮೂನೆಯ ಅರ್ಜಿ ಮನೆಮನೆಗೆ ಬರುತ್ತೆ. ಹೆಸರು, ಊರು ತುಂಬಿ ಸಹಿ ಹಾಕಿ ಕೊಡೋದು, ಅಷ್ಟೇ. ಇಂಥ ಅರ್ಜಿಗೆ ದೆಹಲಿಯಲ್ಲಿ ಬೆಲೆ ಇದೆಯಾ? ಹತ್ತು ಹನ್ನೆರಡು ಎಕರೆ ಕಾಫಿ ಇರೋರು ಸ್ವಂತವಾಗಿ ಬರೆಯೋದಾದರೆ ಏನು ಬರೀಬೇಕು? ಕ್ವಾರಿಯವರು, ದೊಡ್ಡ ರೆಸಾರ್ಟಿನವರು ಮಂತ್ರಿಗಳ ಹತ್ತಿರ ನೇರ ಹೋಗಿ ಕೆಲಸ ಮಾಡಿಸಿಕೊಳ್ತಾರೆ ಅಂದಮೇಲೆ ನಮ್ಮ ಕಾಗದ ಯಾರು ಓದ್ತಾರೆ?

ಹೇಮಾವತಿ ದಂಡೆ:

ಒಂದೇ ಒಕ್ಕಣೆಯ ಸಾವಿರ ಅರ್ಜಿ ಹೋದರೂ ಕೇಂದ್ರ ಪರಿಸರ ಸಚಿವಾಲಯದಲ್ಲಿ ಅದು ಒಂದೇ ಅಂಶ. ಪಟ್ಟಿ ಮಾಡುವವರು ‘ಕಸ್ತೂರಿರಂಗನ್ ವರದಿ ಪೂರ್ತಿ ಕೈಬಿಡಿ ಎಂಬ ಕೋರಿಕೆ’ ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಅದಕ್ಕೆ ಉತ್ತರ ಕೊಡುವ ಅಗತ್ಯವೇ ಅವರಿಗೆ ಬೀಳುವುದಿಲ್ಲ, ಯಾಕೆಂದರೆ ಅದರಲ್ಲಿ ಯಾವ ಊರಿನ ಯಾವ ಸರ್ವೆ ನಂಬರು ಅನ್ನುವುದೇ ಇರುವುದಿಲ್ಲ.

ಸೂಕ್ಷ್ಮ ಪ್ರದೇಶದ ಗೆರೆ ಹೇಗೆ ಎಳೆದರು ಅಂತ ಮೊದಲು ತಿಳಿದುಕೊಳ್ಳಿ. ಕಸ್ತೂರಿರಂಗನ್ ಸಮಿತಿ 2013ರಲ್ಲಿ ಉಪಗ್ರಹ ಚಿತ್ರ ನೋಡಿ ‘ನೈಸರ್ಗಿಕ ಭೂದೃಶ್ಯ’ (ಕಾಡು), ‘ಸಾಂಸ್ಕೃತಿಕ ಭೂದೃಶ್ಯ’ (ಊರು, ಹೊಲ, ತೋಟ) ಅಂತ ಎರಡು ಭಾಗ ಮಾಡಿತು. ಒಂದು ಗ್ರಾಮದ ಶೇ. 20ರಷ್ಟು ಅಥವಾ ಹೆಚ್ಚು ಜಾಗ ಸೂಕ್ಷ್ಮ ಅಂತ ಬಂದರೆ ಇಡೀ ಗ್ರಾಮವೇ ಪಟ್ಟಿಗೆ. ಚಿತ್ರದ ಒಂದು ಚುಕ್ಕೆ ಅಂದರೆ 24 ಮೀಟರ್ ಚೌಕ, ನಮ್ಮ ಲೆಕ್ಕದಲ್ಲಿ ಸುಮಾರು ಐದೂಮುಕ್ಕಾಲು ಗುಂಟೆ. ಹಾಲುವಾಣ, ಅತ್ತಿ, ಕಾಡುಮರಗಳ ನೆರಳಲ್ಲಿರುವ ಕಾಫಿ ಮೇಲಿನಿಂದ ಕಾಡಿನ ಹಾಗೇ ಕಾಣುತ್ತೆ. ನೀವು ಹಿಡಿಯಬೇಕಾದ ಜಾಗ ಇದೇ.

ತಾಲ್ಲೂಕು ಕಚೇರಿ, ಭೂದಾಖಲೆ ಕಚೇರಿಯಿಂದ ಗ್ರಾಮ ನಕ್ಷೆ, ಆಕಾರ್‌ಬಂದ್, ಪಹಣಿ ತೆಗೆಸಿ. ಆಕಾರ್‌ಬಂದಿನಲ್ಲಿ ಗ್ರಾಮದ ಒಟ್ಟು ವಿಸ್ತೀರ್ಣ ಸಿಗುತ್ತೆ. ಅದನ್ನು ಹೆಕ್ಟೇರಿಗೆ ತಿರುಗಿಸಿ, ಒಂದು ಹೆಕ್ಟೇರಿಗೆ 2.47 ಎಕರೆ. ಆಮೇಲೆ ಮೀಸಲು ಅರಣ್ಯ, ಸೆಕ್ಷನ್ 4 ಆದ ಜಾಗ (ಮೀಸಲು ಅರಣ್ಯ ಮಾಡುವ ಮೊದಲ ಅಧಿಸೂಚನೆ ಆದದ್ದು), ಡೀಮ್ಡ್ ಅರಣ್ಯ (ಅಧಿಸೂಚನೆ ಇಲ್ಲದಿದ್ದರೂ ಅರಣ್ಯ ಅಂತ ಪರಿಗಣಿಸಿದ್ದು), ಗೋಮಾಳ, ಕಾಫಿ ಖರಾಬು (ಖರಾಬು ಅಂತ ದಾಖಲಾದ ಸರ್ಕಾರಿ ಜಾಗ), ಸಾಗುವಳಿ, ಊರು ಅಂತ ಸರ್ವೆ ನಂಬರುವಾರು ಕೋಷ್ಟಕ ಮಾಡಿ. ಕಾಫಿ ಖರಾಬನ್ನು ಬೇರೆ ಕಾಲಮ್ಮಿನಲ್ಲೇ ಇಡಿ. ಸಾಗುವಳಿಗೆ ಸೇರಿಸಿಬಿಟ್ಟರೆ ಪರಿಶೀಲನೆಗೆ ಬಂದವರು ಮೊದಲು ಅದನ್ನೇ ಎತ್ತಿ ತೋರಿಸುತ್ತಾರೆ, ಆಮೇಲೆ ಉಳಿದ ಅಂಕಿಯನ್ನೂ ನಂಬುವುದಿಲ್ಲ. ತೋಟ ಹಳೆಯದು ಅನ್ನುವುದಕ್ಕೆ ಕಾಫಿ ಮಂಡಳಿಯ ನೋಂದಣಿ ಲಗತ್ತಿಸಿ. ನಿಜವಾದ ಕಾಡು ಶೇ. 20 ದಾಟುವ ಊರಾದರೆ ಈ ವಾದ ನಿಲ್ಲಲ್ಲ. ಅಂಥ ಕಡೆ ಊರು ಬಿಡಿ ಅನ್ನುವ ಬದಲು ಷರತ್ತುಗಳ ಮೇಲೆ ಬರೆಯುವುದೇ ವಾಸಿ.

ಕಾಗದದ ತಲೆಯಲ್ಲಿ ಅಧಿಸೂಚನೆಯ ಎಸ್.ಒ. ಸಂಖ್ಯೆ (ರಾಜ್ಯಪತ್ರದಲ್ಲಿ ಅದಕ್ಕೆ ಕೊಟ್ಟ ಸಂಖ್ಯೆ), ದಿನಾಂಕ, ಯಾವ ಕಂಡಿಕೆಗೆ ಆಕ್ಷೇಪ ಅನ್ನುವುದು ಇರಲಿ. ಊರಿನ ಹೆಸರನ್ನು ಅನುಬಂಧದಲ್ಲಿ ಹೇಗೆ ಅಚ್ಚಾಗಿದೆಯೋ ಹಾಗೇ ಬರೆದು, ಪಕ್ಕದಲ್ಲಿ ಸರಿಯಾದ ಹೆಸರು ಮತ್ತು ಹೋಬಳಿ ಹಾಕಿ. ಇಂಗ್ಲಿಷ್ ಕಾಗುಣಿತದಲ್ಲಿ ಎರಡು ಊರು ಒಂದೇ ಥರ ಕಂಡು ಅರ್ಜಿ ಬೇರೆ ಊರಿನ ಲೆಕ್ಕಕ್ಕೆ ಹೋಗಬಹುದು. ಕನ್ನಡದಲ್ಲೇ ಬರೆಯಿರಿ, ಮೇಲೆ ಒಂದು ಪುಟದ ಇಂಗ್ಲಿಷ್ ಸಾರಾಂಶ ಪಿನ್ ಮಾಡಿ.

ಬಿಸಿಲೆ ಮಳೆ:

ಮೇಲಿನವರ ಮಾತಿಗೆ ಪುರಾವೆ ಬೇಕಿದ್ದರೆ ಕೇರಳ ನೋಡಿ. ಅಲ್ಲೂ ಬಂದ್, ಪ್ರತಿಭಟನೆ ಎಲ್ಲ ಆಯಿತು. ಆದರೆ ಜೊತೆಗೆ ರಾಜ್ಯ ಸರ್ಕಾರ ಉಮ್ಮನ್ ವಿ. ಉಮ್ಮನ್ ಸಮಿತಿ ಮಾಡಿ, ಸ್ಥಳ ಪರಿಶೀಲನೆ ಮಾಡಿಸಿ ದೆಹಲಿಗೆ ಕೊಟ್ಟಿತು. ಅವರ ಸೂಕ್ಷ್ಮ ಪ್ರದೇಶ 13,108 ಚದರ ಕಿ.ಮೀ. ಇದ್ದದ್ದು 2014ರ ಮಾರ್ಚ್ 10ರ ಮೊದಲ ಕರಡಿನಲ್ಲೇ 9,993.7ಕ್ಕೆ ಇಳಿಯಿತು. ನಮ್ಮ ಕರ್ನಾಟಕದ್ದು ‘ಪೂರ್ತಿ ತಿರಸ್ಕಾರ’. 2014ರ ಕರಡಿನಲ್ಲಿ 20,668 ಚದರ ಕಿ.ಮೀ., 2024ರ ಜುಲೈ 31ರ ಕರಡಿನಲ್ಲೂ ಅದೇ 20,668.

ಆರು ಸಲ ಕರಡು ಬಂದದ್ದು ನಮ್ಮ ಹೋರಾಟದ ಗೆಲುವು ಅನ್ನುವವರಿದ್ದಾರೆ. ಪರಿಸರ ಸಂರಕ್ಷಣಾ ನಿಯಮ 5ರಲ್ಲಿ ಕರಡಿಗೆ ಆಯಸ್ಸು ಇದೆ, ಮೊದಲು 545 ದಿನ ಇತ್ತು, ಈಗ 725. ಅಷ್ಟರೊಳಗೆ ಅಂತಿಮ ಅಧಿಸೂಚನೆ ಬಾರದಿದ್ದರೆ ಕರಡು ಬಿದ್ದುಹೋಗುತ್ತೆ, ಮತ್ತೆ ಹೊರಡಿಸಬೇಕು. ಹೊಸ ಕರಡಿಗೆ ಹೊಸ ಆಕ್ಷೇಪಣೆ, ಮತ್ತೆ 60 ದಿನ. ಹಳೇ ಅರ್ಜಿ ಲೆಕ್ಕದಲ್ಲಿದೆ ಅಂತ ಕೂರಬೇಡಿ, ದಿನಾಂಕ ಬದಲಿಸಿ ಪುನಃ ಕಳಿಸಿ.

ಪಹಣಿ ಪುಟ್ಟಣ್ಣ:

ಸಹಿ ಅರ್ಜಿಯನ್ನು ಅಷ್ಟು ಹಗುರ ಮಾಡಬೇಡಿ ಸ್ವಾಮಿ. ಬಾಗಿಲು ಎರಡಿವೆ. ದೆಹಲಿಯಲ್ಲಿ ಕೋಷ್ಟಕ ನಡೆಯುತ್ತೆ, ವಿಧಾನಸೌಧದಲ್ಲಿ ತಲೆ ಎಣಿಕೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿ ತಿರಸ್ಕರಿಸಿದ್ದು ಯಾರ ಸರ್ವೆ ನಂಬರು ನೋಡಿಯೂ ಅಲ್ಲ, ಮಲೆನಾಡಿನ ಶಾಸಕರ ಒತ್ತಡ ನೋಡಿ.

ಆದರೆ ಆ ಅಚ್ಚಾದ ಅರ್ಜಿಯಲ್ಲಿ ಯಾರ ಹಿತ ಇದೆ ಅನ್ನೋದನ್ನ ಓದಿ ನೋಡಿ. ಕರಡಿನಲ್ಲಿ ನಿಷೇಧ ಇರೋದು ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆಗೆ. ಈಗ ನಡೆಯುತ್ತಿರುವ ಕ್ವಾರಿಗೆ ಅಂತಿಮ ಅಧಿಸೂಚನೆಯಿಂದ ಐದು ವರ್ಷ ಇಲ್ಲವೇ ಗುತ್ತಿಗೆ ಮುಗಿಯುವವರೆಗೆ, ಯಾವುದು ಮೊದಲೋ ಅದು. ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೊಸ ಕೆಂಪು ವರ್ಗದ (ಅತಿ ಹೆಚ್ಚು ಮಾಲಿನ್ಯದ) ಕೈಗಾರಿಕೆ ಇಲ್ಲ. 20,000 ಚದರ ಮೀಟರಿಗೆ ಮೇಲ್ಪಟ್ಟ ಹೊಸ ಕಟ್ಟಡ ಇಲ್ಲ. ಅಂದರೆ 2 ಲಕ್ಷ 15 ಸಾವಿರ ಚದರಡಿ! ಹನ್ನೆರಡು ಎಕರೆಯವರು ಅಷ್ಟು ದೊಡ್ಡ ಕಣ ಕಟ್ಟುತ್ತೀರಾ? ಇರುವ ಮನೆ ದುರಸ್ತಿ, ವಿಸ್ತರಣೆಗೆ ಅಡ್ಡಿ ಇಲ್ಲ, ಆಸ್ತಿ ಕೈ ಬದಲಾಗೋದಕ್ಕೂ ಇಲ್ಲ ಅಂತ ಕರಡಿನಲ್ಲೇ ಇದೆ. ‘ಹೆಂಚು ಬದಲಿಸೋಕೂ ದೆಹಲಿಗೆ ಹೋಗಬೇಕು’ ಅಂತ ಸುದ್ದಿ ಹಬ್ಬಿಸಿದವರ ಕ್ರಷರ್ ಎಲ್ಲಿದೆ ಅಂತ ವಿಚಾರಿಸಿ.

ಸಣ್ಣ ಬೆಳೆಗಾರರು ಕೇಳಬೇಕಾದ್ದು ಬೇರೆ: ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಘಟಕ ಯಾವ ಬಣ್ಣದ ವರ್ಗಕ್ಕೆ ಬೀಳುತ್ತೆ? ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಸಮ್ಮತಿ) ಪತ್ರ ಇದ್ದರೆ ಅದರಲ್ಲೇ ನೋಡಿ, ಅದನ್ನು ಹೆಸರಿಸಿ ಸ್ಪಷ್ಟೀಕರಣ ಕೇಳಿ.

ಗೋಣಿಬೀಡು ತೋಟ:

ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಇನ್ನೊಂದೇ ಅನುಮಾನ. ಜಿಲ್ಲಾಧಿಕಾರಿಗಳ ಮುಂದೆ ಸಾರ್ವಜನಿಕ ಸಭೆಯಲ್ಲಿ ಬಾಯಲ್ಲಿ ಹೇಳೋಕೆ ಅವಕಾಶ ಇಲ್ವಾ?

ಹೇಮಾವತಿ ದಂಡೆ:

ಇಎಸ್‌ಎ ಕರಡಿಗೆ ಇಲ್ಲ, ಬರವಣಿಗೆಯಲ್ಲೇ ಕೊಡಬೇಕು. ನೀವು ಹೇಳುವ ಸಭೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಬರುವಂಥದ್ದು. ಒಂದೊಂದು ಯೋಜನೆಗೆ ಅದು ಬೇರೆ ಬೇರೆ ನಡೆಯುತ್ತೆ: 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ, ಪೂರ್ತಿ ವಿಡಿಯೊ, ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಸಭೆಗೇ ಓದಿ ಹೇಳಬೇಕು. ಆ ಓದುವ ಹೊತ್ತಿಗೆ ಜನ ಎದ್ದು ಹೋಗಿರುತ್ತಾರೆ, ನಮ್ಮ ಆಕ್ಷೇಪ ಬಿಟ್ಟುಹೋಗಿದ್ದರೆ ಹೇಳುವವರೇ ಇರುವುದಿಲ್ಲ. ಎಲ್ಲ ಯೋಜನೆಗೂ ಈ ಸಭೆ ಇಲ್ಲ ಅನ್ನುವುದು ಸಕಲೇಶಪುರದವರಿಗೆ ಗೊತ್ತು. ಎತ್ತಿನಹೊಳೆಯನ್ನು ಕುಡಿಯುವ ನೀರಿನ ಯೋಜನೆ ಅಂತ ಕರೆದದ್ದರಿಂದ ಆ ಅಧಿಸೂಚನೆಯ ಅನುಮತಿಯೇ ಬೇಕಾಗಲಿಲ್ಲ.

ಮಂತ್ರಿಗಳ ಹತ್ತಿರ ಯಾರು ಹೋದರು ಅಂತ ತಿಳಿಯಲು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಸಂಪುಟದ ಟಿಪ್ಪಣಿ ಕೇಳಿದರೆ ಆ ಕಾಯ್ದೆಯ ಸೆಕ್ಷನ್ 8(1)(ಐ) ತೋರಿಸಿ ತಿರಸ್ಕರಿಸಬಹುದು. ಅದರ ಬದಲು ಬಂದ ಆಕ್ಷೇಪಣೆಗಳ ಕ್ರೋಡೀಕೃತ ಪಟ್ಟಿ, ನಿಯೋಗಗಳು ಕೊಟ್ಟ ಮನವಿಗಳ ಪ್ರತಿ, ರಾಜ್ಯ ಕೇಂದ್ರಕ್ಕೆ ಬರೆದ ಪತ್ರ ಅಂತ ದಾಖಲೆ ಹೆಸರಿಸಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಆಕ್ಷೇಪಣೆಯ 60 ದಿನ ಅದಕ್ಕೆ ಕಾಯುವುದಿಲ್ಲ, ಹಾಗಾಗಿ ಎರಡನ್ನೂ ಒಂದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.