ಡೆಲ್ರಿನ್ ಮೇಲೆ ಡೆಲ್ರಿನ್ ಜಾರುವಾಗ ಕಿರುಗುಟ್ಟುವುದೇಕೆ?

ಪ್ರಶ್ನೆ (ದಾವಣಗೆರೆ):
ನಮ್ಮ ಮಂಡಕ್ಕಿ ಪ್ಯಾಕಿಂಗ್ ಯಂತ್ರದಲ್ಲಿ ಚೀಲಕ್ಕೆ ಮಂಡಕ್ಕಿ ಬಿಡುವ ಒಂದು ಜಾರುಬಾಗಿಲಿದೆ. ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಹಳಿಯನ್ನೂ ಅದರ ಮೇಲೆ ಓಡುವ ಬ್ಲಾಕನ್ನೂ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಲ್ಲೇ ಮಾಡಿಸಿದೆ. ಮೊದಲ ವಾರ ಬೆಣ್ಣೆಯಂತೆ ಓಡಿತು. ಈಗ ಬೇಗ ತಳ್ಳಿದರೆ ಸದ್ದಿಲ್ಲ, ನಿಧಾನವಾಗಿ ಮುಚ್ಚುವಾಗ ಮಾತ್ರ ಕಿರ್ರೆಂದು ಕೂಗುತ್ತಾ ತಡೆತಡೆದು ಸಾಗುತ್ತದೆ. ಕೈಯಿಟ್ಟರೆ ನಡುಕ ತಿಳಿಯುತ್ತದೆ. ತಿನ್ನುವ ಪದಾರ್ಥವಾದ್ದರಿಂದ ಕೈಗೆ ಸಿಕ್ಕ ಗ್ರೀಸ್ ಹಚ್ಚುವಂತಿಲ್ಲ. ಪಾಲಿಶ್ ಮಾಡಿಸಿ ಇನ್ನಷ್ಟು ನುಣುಪಾಗಿಸಿದರೆ ಸರಿಹೋದೀತೇ?

ಉತ್ತರ 1 (ಚಿತ್ರದುರ್ಗ):
ದಯವಿಟ್ಟು ಪಾಲಿಶ್ ಮಾಡಿಸಬೇಡಿ. ತೀರಾ ನುಣುಪಾದ ಪ್ಲಾಸ್ಟಿಕ್ ಮುಖಗಳು ಹೆಚ್ಚು ಜಾಗದಲ್ಲಿ ತಾಗಿ ಇನ್ನಷ್ಟು ಅಂಟಿಕೊಳ್ಳಬಹುದು. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಕದಲಿದ ಮೇಲೆ ಓಡಿಸಲು ಬೇಕಾದ ಬಲಕ್ಕಿಂತ ಹೆಚ್ಚಾಗಿರುವುದೇ ನಿಮ್ಮ ತೊಂದರೆಯ ಮೂಲ. ಬ್ಲಾಕ್ ಹಿಡಿದು ನಿಂತಾಗ ತಳ್ಳುವ ಸರಳು ಸ್ಪ್ರಿಂಗಿನಂತೆ ತುಸು ಬಾಗಿ ಬಲ ಕೂಡಿಟ್ಟುಕೊಳ್ಳುತ್ತದೆ. ಹಿಡಿತ ತಪ್ಪಿದೊಡನೆ ಬ್ಲಾಕ್ ಮುಂದಕ್ಕೆ ಜಿಗಿದು, ಸರಳು ಸಡಿಲಗೊಂಡು, ಮತ್ತೆ ನಿಲ್ಲುತ್ತದೆ. ಇದು ಸೆಕೆಂಡಿಗೆ ನೂರಾರು ಸಲ ನಡೆದರೆ ಕಿವಿಗೆ ಕೂಗು, ಕೆಲವೇ ಸಲ ನಡೆದರೆ ಕೈಗೆ ನಡುಕ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೆಯೇ. ಲೋಹಗಳಲ್ಲಿ ಈ ಚಲನೆಯನ್ನು ಬೌಡನ್ ಮತ್ತು ಲೆಬೆನ್ ಎಂಬ ವಿಜ್ಞಾನಿಗಳು 1939ರಲ್ಲೇ ಅಳೆದು ವಿವರಿಸಿದ್ದರು. ಒಂದೇ ಜಾತಿಯ ಪ್ಲಾಸ್ಟಿಕ್‌ಗಳನ್ನು ಎಣ್ಣೆ, ಗ್ರೀಸ್ ಇಲ್ಲದೆ ಉಜ್ಜಿದಾಗ ಈ ಕಾಟ ಹೆಚ್ಚು. ಹಳಿ ಹಾಗೇ ಇರಲಿ, ಬ್ಲಾಕನ್ನು ಮಾತ್ರ ಬೇರೆ ಜಾತಿಯದಕ್ಕೆ ಬದಲಿಸಿ.

ಉತ್ತರ 2:
ಬ್ಲಾಕಿಗೆ ಅತಿ ಹೆಚ್ಚು ಅಣುತೂಕದ ಪಾಲಿಥಿಲೀನ್ ಒಳ್ಳೆಯದು. ಟೆಫ್ಲಾನ್‌ನಲ್ಲಿ ನಿಂತಾಗಿನ ಮತ್ತು ಓಡುವಾಗಿನ ಘರ್ಷಣೆ ಬಹುತೇಕ ಒಂದೇ ಆಗಿರುವುದರಿಂದ ಅದು ಕೂಗುವುದು ಅಪರೂಪ. ಆದರೆ ಮೆತ್ತಗಿರುವುದರಿಂದ ಭಾರದಡಿ ನಿಧಾನವಾಗಿ ಹರಡಿಕೊಳ್ಳುತ್ತದೆ. ನೈಲಾನ್ ಆರಿಸಿದರೆ ಮಳೆಗಾಲದ ತೇವ ಹೀರಿ ಉಬ್ಬುತ್ತದೆಂಬುದನ್ನು ನೆನಪಿಟ್ಟು ಸಂದು ಸ್ವಲ್ಪ ಜಾಸ್ತಿ ಬಿಡಿ. ಸರಳನ್ನು ದಪ್ಪವಾಗಿಸಿದರೂ ನಡುಕ ತಗ್ಗುತ್ತದೆ, ಏಕೆಂದರೆ ಬಾಗದ ಸರಳಿನಲ್ಲಿ ಬಲ ಕೂಡಿಕೊಳ್ಳಲು ಜಾಗವಿರುವುದಿಲ್ಲ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಬ್ಲಾಕ್ ಬಿಚ್ಚಿ ನೋಡಿದಾಗ ಅದರ ಅಡಿಯಲ್ಲಿ ಉಗುರಿನಷ್ಟಗಲದ ಎರಡು ಹೊಳೆಯುವ ಪಟ್ಟೆಗಳೂ ಅಂಚಿನಲ್ಲಿ ಹಿಟ್ಟಿನಂಥ ಬಿಳಿ ಪುಡಿಯೂ ಇದ್ದವು. ಆ ಪುಡಿ ಮಂಡಕ್ಕಿಗೆ ಬೀಳಬಹುದೆಂಬುದೇ ನನಗೆ ಸದ್ದಿಗಿಂತ ದೊಡ್ಡ ಚಿಂತೆಯಾಯಿತು. ಹೊಸ ಪಾಲಿಥಿಲೀನ್ ಬ್ಲಾಕ್ ಹಾಕಿ ಎಂಟು ದಿನವಾಯಿತು. ಎಷ್ಟು ನಿಧಾನವಾಗಿ ಮುಚ್ಚಿದರೂ ಕೂಗಿಲ್ಲ. ಸರಳನ್ನು ಮುಂದಿನ ವಾರ ಬದಲಿಸುತ್ತೇನೆ.