ಸೇನಾ ನೆಲೆಯಲ್ಲಿ ಕೊಂಡ ಹಳೆಯ ಸ್ಟೀರಿಯೊ: ಊರಿಗೆ ತರುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ (ಟೆಕ್ಸಾಸ್‌ನಿಂದ): ಅಮೆರಿಕದ ಸೇನೆಯಲ್ಲಿದ್ದ ನಮ್ಮ ನೆರೆಮನೆಯ ಹಿರಿಯರು, 1970ರಲ್ಲಿ ಈಗ ಜಪಾನಿಗೆ ಸೇರಿದ ಓಕಿನಾವ ದ್ವೀಪದಲ್ಲಿದ್ದಾಗ ಕೊಂಡ, ಜಪಾನಿನ ಸಾನ್ಸುಯಿ ಕಂಪನಿಯ ರಿಸೀವರ್ (ರೇಡಿಯೊ ಮತ್ತು ಆಂಪ್ಲಿಫೈಯರ್ ಒಂದರಲ್ಲೇ ಇರುವ ಪೆಟ್ಟಿಗೆ), ಅಕಾಯ್ ಕಂಪನಿಯ ಸುರುಳಿ ಟೇಪ್ ಡೆಕ್, ಒಂದು ಜೊತೆ ಸ್ಪೀಕರ್ ಮತ್ತು ಒಂದು ಡಬ್ಬ ಟೇಪುಗಳನ್ನು ನನಗೆ ಕೊಡುವುದಾಗಿ ಹೇಳಿದ್ದಾರೆ. ಮುಂದಿನ ವರ್ಷ ಮೈಸೂರಿಗೆ ಮರಳುವವನಿದ್ದೇನೆ. ಒಯ್ಯಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ (ಬೆಂಗಳೂರಿನಿಂದ): ಖಂಡಿತ ಒಯ್ಯಿರಿ ಸರ್. ಆ ಕಾಲದಲ್ಲಿ ಡಾಲರಿಗೆ 360 ಯೆನ್ ಸಿಗುತ್ತಿದ್ದುದರಿಂದ ಜಪಾನಿನ ಸಾಮಾನು ಡಾಲರಿನಲ್ಲಿ ಅಗ್ಗವಾಗಿತ್ತು. ಸೇನೆಯ ಎಕ್ಸ್‌ಚೇಂಜ್ ಮಳಿಗೆಗಳಲ್ಲಿ ತೆರಿಗೆಯೂ ಇರಲಿಲ್ಲ. ಹಾಗಾಗಿ ತವರಿನಲ್ಲಿ ಕೈಗೆಟುಕದ ಸಾಮಾನನ್ನು ಸಾಮಾನ್ಯ ಯೋಧನೂ ಕೊಳ್ಳಬಹುದಿತ್ತು, ವಿಯೆಟ್ನಾಂನಲ್ಲಿದ್ದವರು ಕ್ಯಾಟಲಾಗ್ ನೋಡಿ ಅಂಚೆಯಲ್ಲೇ ತರಿಸಿ ಮನೆಗೆ ಕಳಿಸುತ್ತಿದ್ದರು. ಕೊಂಡವನ ಮುಂದಿನ ವರ್ಗಾವಣೆ ಜರ್ಮನಿಗೋ ಕೊರಿಯಾಕ್ಕೋ ತಿಳಿಯದಿದ್ದುದರಿಂದ, ಅಲ್ಲಿ ಮಾರುತ್ತಿದ್ದ ಅನೇಕ ರಿಸೀವರ್‌ಗಳ ಹಿಂಬದಿಯಲ್ಲಿ 100, 117, 220, 240 ವೋಲ್ಟ್‌ಗಳಿಗೆ ಹೊಂದಿಸಿಕೊಳ್ಳುವ ವ್ಯವಸ್ಥೆ ಇರುತ್ತಿತ್ತು. ಅಮೆರಿಕದ ಅಂಗಡಿಗಳಲ್ಲಿ ಮಾರಿದ ಅದೇ ಮಾಡೆಲಿನಲ್ಲಿ ಇದು ಎಷ್ಟೋ ಬಾರಿ ಇರುತ್ತಿರಲಿಲ್ಲ. ಇಲ್ಲಿಗೆ 240 ಆಯ್ದುಕೊಳ್ಳಿ, ಫ್ಯೂಸನ್ನೂ ಅದಕ್ಕೆ ತಕ್ಕಂತೆ ಬದಲಿಸಿ.

ಆದರೆ ರಿಸೀವರ್ ಹಿಂದೆ ಟರ್ನ್‌ಟೇಬಲ್‌ಗೆಂದು (ಗ್ರಾಮಫೋನ್ ತಟ್ಟೆ ತಿರುಗಿಸುವ ಯಂತ್ರ) ಇರುವ ಪ್ಲಗ್ ಪಾಯಿಂಟುಗಳಿಗೆ ಸಾಮಾನ್ಯವಾಗಿ ಗೋಡೆಯ ಕರೆಂಟೇ ನೇರವಾಗಿ ಬರುತ್ತದೆ. ರಿಸೀವರನ್ನು 240ಕ್ಕೆ ಹೊಂದಿಸಿದೆನೆಂಬ ಧೈರ್ಯದಲ್ಲಿ ನಾನು 117 ವೋಲ್ಟಿನ ಟರ್ನ್‌ಟೇಬಲನ್ನು ಅಲ್ಲಿಗೆ ಸಿಕ್ಕಿಸಿ ಅದರ ಮೋಟರನ್ನು ಸುಟ್ಟುಕೊಂಡೆ. ಆ ವಾಸನೆ ಕೋಣೆಯಲ್ಲಿ ಎರಡು ದಿನ ಉಳಿದಿತ್ತು.

ವೋಲ್ಟೇಜಿಗಿಂತ ಹೆಚ್ಚು ಕಾಡುವುದು ಸೈಕಲ್, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಆವರ್ತ ಮಾಡುತ್ತದೆ (ಹರ್ಟ್ಸ್) ಎಂಬುದು. ಅಮೆರಿಕದ ಕರೆಂಟು 60 ಸೈಕಲ್, ನಮ್ಮದು 50. ರಿಸೀವರಿಗೆ ಇದರಿಂದ ಅಷ್ಟಾಗಿ ತೊಂದರೆಯಿಲ್ಲ. ಆದರೆ ಆ ಕಾಲದ ಹೆಚ್ಚಿನ ಟೇಪ್ ಡೆಕ್‌ಗಳ ಮೋಟರು ಸೈಕಲ್ಲಿಗೆ ತಕ್ಕ ವೇಗದಲ್ಲಿ ಸುತ್ತುವುದರಿಂದ, 60ಕ್ಕೆ ಹೊಂದಿಸಿದ ಡೆಕ್ಕು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ಓಡುತ್ತದೆ. ಬಿಳಿ ಐದರ ಶ್ರುತಿಯಲ್ಲಿ ಹಾಡಿದವರು ಬಿಳಿ ಮೂರರಲ್ಲಿ ಹಾಡಿದಂತೆ ಕೇಳಿಸುತ್ತದೆ. ವೋಲ್ಟೇಜನ್ನಷ್ಟೇ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇದನ್ನು ಸರಿಪಡಿಸಲಾರದು. ಕೆಲವು ಡೆಕ್‌ಗಳಲ್ಲಿ ಒಂದು ಸ್ವಿಚ್ ತಿರುಗಿಸಿದರೆ ಸಾಕು, ಕೆಲವಕ್ಕೆ ಮೋಟರಿನ ಪುಲ್ಲಿಯನ್ನೂ ಬದಲಿಸಬೇಕು. ಆ ಪುಲ್ಲಿಗಾಗಿ ಡಬ್ಬಗಳನ್ನೆಲ್ಲ ಹುಡುಕಿ, ಕಳೆದಿದ್ದರೆ ಮತ್ತೆ ಸಿಗುವುದು ಕಷ್ಟ. ಮೊದಲ ಸಲ ಕರೆಂಟು ಕೊಡುವಾಗ ಸೀರೀಸ್ ಬಲ್ಬ್ (ಒಳಗೆ ದೋಷವಿದ್ದರೆ ಕರೆಂಟನ್ನು ತಡೆಯಲು ದಾರಿಯಲ್ಲಿ ಸೇರಿಸುವ ಬಲ್ಬ್) ಹಾಕಿಯೇ ಕೊಡಿ.

ಉತ್ತರ (ಧಾರವಾಡದಿಂದ): ಸ್ಪೀಕರ್‌ಗಳ ಮುಂದೆ ಮರದ ಜಾಲಂಧ್ರವಿದ್ದರೆ ಅದನ್ನು ಬಿಚ್ಚಿ ಬೇರೆಯಾಗಿ ಕಟ್ಟಿಸಿ. ನಮ್ಮದು ಸಾಗಣೆಯಲ್ಲಿ ಮುರಿಯಿತು. ಆ ಸಣ್ಣ ಕಡ್ಡಿಗಳನ್ನು ಬಡಗಿಯಿಂದ ಮಾಡಿಸಲು ಒಂದು ತಿಂಗಳು ಹಿಡಿಯಿತು.

ಉತ್ತರ (ವರ್ಜೀನಿಯಾದಿಂದ): ಟೇಪುಗಳ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಏಳಿಂಚಿನ ಸುರುಳಿಗಳಲ್ಲಿ ಹೆಚ್ಚಾಗಿ ಗೆಳೆಯರ ಎಲ್‌ಪಿಗಳಿಂದ ನಕಲು ಮಾಡಿಕೊಂಡ ಹಾಡುಗಳಿರುತ್ತವೆ. ಅಂಗೈಯಲ್ಲಿ ಹಿಡಿಯುವ ಮೂರಿಂಚಿನ ಸುರುಳಿ ಸಿಕ್ಕರೆ ಅದು ಧ್ವನಿ ಪತ್ರವಾಗಿರುವ ಸಂಭವ ಹೆಚ್ಚು, ಏಕೆಂದರೆ ಯೋಧರೂ ಅವರ ಮನೆಯವರೂ ಕಾಗದ ಬರೆಯುವ ಬದಲು ಮಾತನ್ನೇ ಮುದ್ರಿಸಿ ಅಂಚೆಗೆ ಹಾಕುತ್ತಿದ್ದರು. ನಾನು ಕೊಂಡ ಡೆಕ್ಕಿನ ಜೊತೆ ಬಂದ ಅಂಥ ಒಂದು ಸುರುಳಿಯಲ್ಲಿ ಒಬ್ಬ ತಾಯಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೇ ಮಗನಿಗೆ ಊರಿನ ಸುದ್ದಿ ಹೇಳುತ್ತಿದ್ದರು, ನಲ್ಲಿಯ ಸದ್ದೂ ಅದರಲ್ಲಿತ್ತು. ಮಾರಿದವರಿಗೆ ಅದನ್ನು ತಲುಪಿಸಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಆದ್ದರಿಂದ ಯಾವ ಟೇಪನ್ನೂ ಅಳಿಸಬೇಡಿ. ವಿನೆಗರ್ ವಾಸನೆ ಬರುವವನ್ನು ಬೇರೆಯಿಟ್ಟು ಮೊದಲು ನಕಲು ಮಾಡಿಸಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಡಬ್ಬದ ತಳದಲ್ಲಿ, ‘50’ ಎಂದು ಬರೆದ ಕಾಗದದ ಲಕೋಟೆಯೊಳಗೆ ಒಂದು ಹಿತ್ತಾಳೆಯ ಪುಲ್ಲಿ ಸಿಕ್ಕಿದೆ. ಮೂರಿಂಚಿನ ಸುರುಳಿಗಳು ಐದು ಇವೆ. ಭಾನುವಾರ ಅವುಗಳನ್ನು ಆ ಹಿರಿಯರ ಮನೆಗೇ ಒಯ್ಯುತ್ತಿದ್ದೇನೆ.