ಆಕ್ಸ್‌ಫರ್ಡಿನಿಂದ ಲಂಡನ್ನಿಗೆ ದಿನಾ ಓಡಾಟ: ಕೋಚಾ, ರೈಲಾ?

ನರ್ಸರಿಗೆ ಹೋಗುವ ಮಗು ಇರುವಾಗ ಆಕ್ಸ್‌ಫರ್ಡಿನಿಂದ ಲಂಡನ್ನಿನ ಆಫೀಸಿಗೆ ದಿನಾ ಹೋಗಿ ಬರಲು ಕೋಚು (ಅಂದರೆ ಊರಿಂದೂರಿಗೆ ಓಡುವ ಬಸ್ಸು) ಒಳ್ಳೆಯದಾ, ರೈಲಾ ಅಂತ ಕುಮಟಾ ಕಡೆಯ ತಂಗಿ ಕೇಳಿದ ಪ್ರಶ್ನೆಗೆ ಉತ್ತರ. ರಜೆಗೆ ಶಿರಸಿಗೆ ಬಂದಿದ್ದೇನೆ, ಮಳೆಗೆ ಕರೆಂಟೂ ಇಲ್ಲ ನೆಟ್ಟೂ ಇಲ್ಲ, ಅದಕ್ಕೇ ತಡ.

ಉತ್ತರ ಕೊಟ್ಟವರೆಲ್ಲರೂ ಟಿಕೆಟ್ ದರ ಲೆಕ್ಕ ಹಾಕಿ ಕೋಚೇ ಅಗ್ಗ ಅಂತ ಬರೆದಿದ್ದಾರೆ. ಅಗ್ಗ ಹೌದು. ಶಿರಸಿಗೆ ರೈಲೇ ಇಲ್ಲ, ತಾಳಗುಪ್ಪಕ್ಕೋ ಕುಮಟೆಗೋ ಹೋಗಿ ಹಿಡಿಯಬೇಕು, ಹಾಗಾಗಿ ನಮ್ಮವರಿಗೆ ಬಸ್ಸೇ ಅಭ್ಯಾಸ. ಆದರೆ ರಾತ್ರಿ ಸ್ಲೀಪರ್ ಹತ್ತಿ ಬೆಂಗಳೂರಿಗೆ ಹೋಗುವುದೇ ಬೇರೆ, ದಿನಾ ಸಂಜೆ ನರ್ಸರಿ ಬಾಗಿಲು ಹಾಕುವುದರೊಳಗೆ ಮಗುವಿನ ಹತ್ತಿರ ತಲುಪುವುದೇ ಬೇರೆ, ಅಲ್ವಾ? ತಡವಾದರೆ ಎಷ್ಟೋ ನರ್ಸರಿಗಳು ದಂಡ ಹಾಕುತ್ತವೆ. ಅದಕ್ಕಿಂತ ಜಾಸ್ತಿ, ಅಲ್ಲಿ ಮಗುವನ್ನು ಕರೆದುಕೊಂಡು ಬರಲು ಅಜ್ಜಿಯೂ ಇಲ್ಲ, ಪಕ್ಕದ ಮನೆಯವರೂ ಇಲ್ಲ.

ಕೋಚು ಎಂ40 ಹೆದ್ದಾರಿಯಲ್ಲಿ ಚೆನ್ನಾಗಿಯೇ ಓಡುತ್ತದೆ. ಲಂಡನ್ ಒಳಗೆ ಹೊಕ್ಕ ಮೇಲೆ ಶುರು ನೋಡಿ. ಸಂಜೆ ಲಂಡನ್ ಮಧ್ಯದ ವಿಕ್ಟೋರಿಯಾದಿಂದ ಹೊರಟು ಮಾರ್ಬಲ್ ಆರ್ಚ್, ನಾಟಿಂಗ್ ಹಿಲ್ ಗೇಟ್, ಶೆಪರ್ಡ್ಸ್ ಬುಷ್ ದಾಟುವಷ್ಟರಲ್ಲಿ ಜೀವ ಹೋಗುತ್ತದೆ, ಶುಕ್ರವಾರವಂತೂ ಕೇಳುವುದೇ ಬೇಡ. ಒಂದು ಉಪಾಯ ಇದೆ: ಆಕ್ಸ್‌ಫರ್ಡ್ ಟ್ಯೂಬ್ ಎಂಬ ಹೆಸರಿನ ಕೋಚು ಲಂಡನ್ನಿನ ಅಂಚಿನ ಹಿಲಿಂಗ್ಡನ್‌ನಲ್ಲೂ ನಿಲ್ಲುತ್ತದೆ. ಲಂಡನ್ ಮಧ್ಯದಿಂದ ಅಲ್ಲಿಯವರೆಗೆ ಮೆಟ್ರೋದಲ್ಲಿ ಬಂದು ಕೋಚು ಹತ್ತಿದರೆ ಪೇಟೆಯ ಟ್ರಾಫಿಕ್ ತಪ್ಪುತ್ತದೆ. ಆದರೆ ಎರಡು ಟಿಕೆಟ್ ಆದ ಮೇಲೆ ಉಳಿತಾಯ ಎಷ್ಟು ಉಳಿಯಿತು ಅಂತ ನೀವೇ ಲೆಕ್ಕ ಹಾಕಿ.

ರೈಲು ಸುಮಾರು ಒಂದು ಗಂಟೆ. ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿಗೆ ಒಂದು ದಾರಿ, ಮ್ಯಾರಿಲಬೋನ್ ಸ್ಟೇಷನ್ನಿಗೆ ಇನ್ನೊಂದು. 2022ರಲ್ಲಿ ಲಂಡನ್ ಅಡಿಯಿಂದ ಹಾಯುವ ಎಲಿಜಬೆತ್ ಲೈನ್ ರೈಲು ಬಂದ ಮೇಲೆ ಪ್ಯಾಡಿಂಗ್ಟನ್‌ನಿಂದ ಲಿವರ್‌ಪೂಲ್ ಸ್ಟ್ರೀಟ್, ಕ್ಯಾನರಿ ವಾರ್ಫ್ ಕಡೆ ಹೋಗುವುದು ಬಹಳ ಸಲೀಸು. ರೈಲೂ ಕೈ ಕೊಡುತ್ತದೆ, ಸಿಗ್ನಲ್ ಕೆಟ್ಟಿತು, ಡ್ರೈವರ್ ಇಲ್ಲ ಅಂತೆಲ್ಲ. ಆದರೆ ತುಂಬಾ ತಡವಾದರೆ ದುಡ್ಡು ವಾಪಸ್ ಕೇಳಬಹುದು. ನಾನು ಪ್ರತಿ ಸಲ ಕೇಳುತ್ತೇನೆ, ನಾಚಿಕೆ ಇಲ್ಲ.

ರೈಲಿನಲ್ಲಿ ವಾರವಿಡೀ ಹೋಗುವುದಿದ್ದರೆ ವರ್ಷದ ಪಾಸು ಮಾಡಿಸಿ. ವಾರದ ಪಾಸನ್ನು 40 ಸಲ ಕೊಳ್ಳುವ ದುಡ್ಡಿನಲ್ಲಿ ಇಡೀ ವರ್ಷ ಓಡಾಡಬಹುದು. ವಾರಕ್ಕೆ ಎರಡೇ ದಿನ ಆಫೀಸಾದರೆ ಫ್ಲೆಕ್ಸಿ ಪಾಸು ನೋಡಿ, ಅದರಲ್ಲಿ 28 ದಿನದೊಳಗೆ 8 ದಿನ ಹೋಗಬಹುದು.

ಇನ್ನು ಭಾನುವಾರ ಮಕ್ಕಳ ಜೊತೆ ಸುಮ್ನೆ ಲಂಡನ್ ಸುತ್ತಲು ಹೋಗುವಾಗ ಕೋಚೇ ಹತ್ತಿ. ಹುಡುಗರು ನಿದ್ದೆ ಹೊಡೆಯುತ್ತಾರೆ, ಬ್ಯಾಗು ಎತ್ತಿಕೊಂಡು ಮೆಟ್ಟಿಲು ಹತ್ತಿಳಿಯುವ ತಾಪತ್ರಯವೂ ಕಡಿಮೆ.

ತಂಗೀ, ಆಫೀಸು ಎಲ್ಲಿ ಅಂತ ಬರೆಯಲೇ ಇಲ್ಲವಲ್ಲ? ಮಾರ್ಬಲ್ ಆರ್ಚ್ ಪಕ್ಕದಲ್ಲೇ ಇದ್ದರೆ, ಮಗುವನ್ನು ಕರೆತರುವ ಕೆಲಸ ಗಂಡನದ್ದಾದರೆ, ಮೇಲೆ ಹೇಳಿದ್ದೆಲ್ಲ ಬಿಟ್ಟು ಕೋಚಿನಲ್ಲೇ ಹೋಗಿ.